ತೈಪೆಯ ಅರಮನೆ ಮ್ಯೂಸಿಯಂ: ಕೋಸಿನ ಸಾಲಿಗೆ ನಿಲ್ಲುವ ಮೊದಲು

ಮ್ಯೂಸಿಯಂಗೆ ಎಪ್ಪತ್ತು ನಿಮಿಷ, ಹವಳದ ಅಂಗಡಿಗೆ ಐವತ್ತು ನಿಮಿಷ. ತೈಪೆಯಲ್ಲಿ ನಾವು ದುಡ್ಡು ಕೊಟ್ಟು ಹೋದ ಅರ್ಧ ದಿನದ ಟೂರಿನ ಲೆಕ್ಕ ಇದು. ತಲೆಗೆ 1,200 ತೈವಾನ್ ಡಾಲರ್. ನಾವು ಹೋದಾಗ ಒಂದು ಡಾಲರಿಗೆ ಎರಡೂಮುಕ್ಕಾಲು ರೂಪಾಯಿಯ ಆಸುಪಾಸು ಇತ್ತು, ನೀವೇ ಗುಣಿಸಿಕೊಳ್ಳಿ. ಎರಡು ದಿನ ಬಿಟ್ಟು ಅದೇ ಮ್ಯೂಸಿಯಂಗೆ ನಾವಿಬ್ಬರೇ ಸಿಟಿ ಬಸ್ಸಿನಲ್ಲಿ ಹೋದೆವು. ಬಸ್ಸಿಗೆ ತಲೆಗೆ 15 ಡಾಲರ್. ಈ ಎರಡು ಸಲದ ವ್ಯತ್ಯಾಸ ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ವೀಸಾ, ವಿಮಾನದ ವಿಚಾರ ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಕೈಹಾಕುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಜನಜಂಗುಳಿ ಆಗುವುದಿಲ್ಲ. ನಮ್ಮೂರ ಜಾತ್ರೆಗೂ ತೇರು ಎಳೆದ ಮಾರನೇ ದಿನ ಹೋಗುವವಳು ನಾನು. ಮುಂದೆ ಹೇಳುವುದನ್ನೆಲ್ಲ ಅದನ್ನು ನೆನಪಿಟ್ಟುಕೊಂಡೇ ಓದಿ. ನಮ್ಮ ಮನೆಯವರು ಇದಕ್ಕೆ ತದ್ವಿರುದ್ಧ. ಮೋಜಣಿ ಇಲಾಖೆಯಲ್ಲಿ ಮೂವತ್ತು ವರ್ಷ ಬಿಸಿಲಲ್ಲಿ ಸರಪಳಿ ಎಳೆಸಿದವರು, ಎಷ್ಟು ಹೊತ್ತು ಬೇಕಾದರೂ ಸಾಲಿನಲ್ಲಿ ನಿಲ್ಲುತ್ತಾರೆ. ಮೊಣಕಾಲು ಮಾತ್ರ ಈಗ ಅವರ ಮಾತು ಕೇಳುವುದಿಲ್ಲ.

ನಮ್ಮ ಮಗ ಶಿಂಚುವಿನಲ್ಲಿ ಚಿಪ್ ಕಂಪನಿಯೊಂದರಲ್ಲಿದ್ದಾನೆ. ಹಿಂದಿನ ವರ್ಷ ಅವನು ಶಿವಮೊಗ್ಗಕ್ಕೆ ಕಳಿಸಿದ್ದ ಕ್ಯಾಲೆಂಡರಿನ ಒಂದು ಹಾಳೆಯೇ ಇಷ್ಟಕ್ಕೆಲ್ಲ ಕಾರಣ. ಹಾಳೆಯ ಮುಕ್ಕಾಲು ಭಾಗ ಒಂದೇ ಗುಡ್ಡ. ಮಳೆಗಾಲದಲ್ಲಿ ನಿಟ್ಟೂರಿನ ಕಡೆಯಿಂದ ಕೊಡಚಾದ್ರಿ ನೋಡಿದವರಿಗೆ ಗೊತ್ತು, ಗುಡ್ಡ ಎದುರಿಗೆ ಇರುವುದಿಲ್ಲ, ಮೈಮೇಲೆಯೇ ಬಂದಂತಿರುತ್ತದೆ, ಹಾಗೆ. ಒಂದು ಸಂದಿನಲ್ಲಿ ದಾರದಂಥ ಜಲಪಾತ. ಕೆಳಗೆ ಬಲಮೂಲೆಯಲ್ಲಿ ಇರುವೆಗಳಷ್ಟು ಸಣ್ಣಗೆ ಹೇರು ಹೊತ್ತ ಹೇಸರಗತ್ತೆಗಳ ಸಾಲು. ಸುಮಾರು ಸಾವಿರ ವರ್ಷದ ಹಿಂದೆ, ಚೀನಾದ ಸಾಂಗ್ ದೊರೆಗಳ ಕಾಲದಲ್ಲಿ, ಫಾನ್ ಕುವಾನ್ ಎಂಬವನು ರೇಷ್ಮೆಯ ಮೇಲೆ ಬರೆದದ್ದಂತೆ. ಡಿಸೆಂಬರ್ ಮುಗಿದರೂ ನಾನು ಆ ಹಾಳೆ ಕಿತ್ತಿರಲಿಲ್ಲ. ಮಗ ಫೋನಿನಲ್ಲಿ, "ಅಮ್ಮಾ, ಅದರ ಅಸಲು ಇಲ್ಲೇ ತೈಪೆಯಲ್ಲಿದೆ, ಬಂದು ನೋಡು" ಅಂದ. ಅವನಿಗೆ ರಜೆ ಸಿಕ್ಕುವವರೆಗೆ ನಾಲ್ಕು ದಿನ ನಾವೇ ತೈಪೆಯಲ್ಲಿರುವುದೆಂದು ತೀರ್ಮಾನವಾಯಿತು.

ಹೋಟೆಲಿನ ಬಗ್ಗೆ ಒಂದೇ ಮಾತು: ತೈಪೆಯಲ್ಲಿ ಅಗ್ಗದ ರೂಮು ಹಿಡಿಯುವಾಗ ಕಿಟಕಿ ಇದೆಯೇ ಎಂದು ಕೇಳಿ. ನಗಬೇಡಿ. ಮುಖ್ಯ ರೈಲು ನಿಲ್ದಾಣದ ಹತ್ತಿರ ನಮಗೆ ಸಿಕ್ಕ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಚೆಂದದ ನೀಲಿ ಪರದೆ ಇತ್ತು. ಬೆಳಿಗ್ಗೆ ಎದ್ದು ಬೆಳಕು ಬರಲೆಂದು ಸರಿಸಿದರೆ ಹಿಂದೆ ಬರೀ ಗೋಡೆ. ಇನ್ನೊಂದು ತುದಿಯಲ್ಲಿ ಇರಬಹುದೆಂದು ಅಲ್ಲೂ ಸರಿಸಿದೆ. ಅಲ್ಲೂ ಗೋಡೆ. ಕೆಳಗಿಳಿದು ಕೇಳಿದರೆ, ಕಿಟಕಿ ಇರುವ ರೂಮಿಗೆ ಬೇರೆ ದರವಂತೆ. ದಿನಕ್ಕೆ 2,600 ಡಾಲರ್ ಕೊಟ್ಟು ಗೋಡೆಗೆ ತೂಗುಹಾಕಿದ ಪರದೆ ನೋಡಿಕೊಂಡು ಐದು ರಾತ್ರಿ ಮಲಗಿದೆವು. ತೊಳೆದ ಪಂಚೆ ಎರಡು ದಿನವಾದರೂ ಒಣಗಲಿಲ್ಲ.

ಅಂಥ ಹೋಟೆಲಿನ ಕೌಂಟರಿನಲ್ಲೇ ಟೂರಿನ ಕಾಗದ ಇಟ್ಟಿದ್ದರು. ಅಲ್ಲಿಯೇ ನನಗೆ ಬುದ್ಧಿ ಬರಬೇಕಿತ್ತು.

ಭಾನುವಾರ ಮಧ್ಯಾಹ್ನ ಬಸ್ಸು ಬಂತು. ಛಾವಣಿಯಲ್ಲಿ ಗೊಂಚಲು ದೀಪ, ಕಿಟಕಿಗೆ ಜಾಲರಿನ ಪರದೆ, ಹಾಡಲಿಕ್ಕೆ ಮೈಕು, ಥೇಟ್ ಮದುವೆ ದಿಬ್ಬಣದ ಬಸ್ಸು. ನನ್ನ ಸೀಟಿನ ಮೇಲಿನ ಎಸಿಯಿಂದ ಹನಿ ಹನಿಯಾಗಿ ನೀರು ಭುಜದ ಮೇಲೆ ಬೀಳುತ್ತಿತ್ತು. ತೋರಿಸಿದರೆ ಗೈಡ್ ಹುಡುಗ ಒಂದು ಟಿಶ್ಯೂ ಕಾಗದ ಕೊಟ್ಟ. ಸ್ಮಾರಕ ಭವನವೊಂದರ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿ, ಫೋಟೋ ತೆಗೆಸಿ, ಸೀದಾ ಹವಳದ ಅಂಗಡಿಗೆ ಕರೆದುಕೊಂಡು ಹೋದರು. ಹೊರಗಿನ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು, ಬಸ್ಸು ಎಲ್ಲೋ ಹೋಯಿತು. ಮಾರುವ ಹುಡುಗಿ ನಮ್ಮ ಮುಖ ನೋಡಿದವಳೇ "ನಮಸ್ತೇ" ಎಂದು ಕೆಂಪು ಹವಳದ ಉಂಗುರಗಳ ತಟ್ಟೆ ಮುಂದಿಟ್ಟಳು. ಇಂಡಿಯಾದವರಿಗೆ ಕುಜನಿಗೆ ಹವಳ ಬೇಕು ಎಂಬುದು ಅವಳಿಗೂ ಗೊತ್ತು! ನಮ್ಮವರು ಜಾತಕ ನಂಬುವವರಲ್ಲವಾದ್ದರಿಂದ ಪಾರಾದೆವು. ನಮ್ಮ ಜೊತೆಗಿದ್ದ ಕೊಯಮತ್ತೂರಿನ ದಂಪತಿ ಪಾರಾಗಲಿಲ್ಲ.

ಮ್ಯೂಸಿಯಂ ತಲುಪಿದಾಗ ಮೂರೂಕಾಲು. ಗೈಡ್ ಕೆಂಪು ಬಾವುಟ ಎತ್ತಿ ಹಿಡಿದು ಎಲ್ಲರನ್ನೂ ನೇರ ಮೂರನೇ ಮಹಡಿಗೆ ಓಡಿಸಿದ. ಅಲ್ಲಿ ಜನವೋ ಜನ. ಎಲ್ಲ ಬಾವುಟಗಳೂ ಒಂದೇ ಕೋಣೆಯ ಕಡೆಗೆ. ಅಲ್ಲಿರುವುದು ಹಸಿರುಕಲ್ಲಿನ ಕೋಸು. ನಮ್ಮ ಗುಂಡನೆಯ ಎಲೆಕೋಸಲ್ಲ, ಉದ್ದನೆಯ ಚೀನೀ ಕೋಸು. ಅರ್ಧ ಬಿಳಿ ಅರ್ಧ ಹಸಿರಿರುವ ಒಂದೇ ಜೇಡ್ ಕಲ್ಲು, ಬಿಳಿಯ ಭಾಗ ದಂಟು, ಹಸಿರು ಭಾಗ ಎಲೆ. ತುದಿಯ ಎಲೆಯ ಮೇಲೆ ಎರಡು ಮಿಡತೆ. ಹಿಂದಿನವರು ತಳ್ಳಿದ ರಭಸಕ್ಕೆ ನಾನು ಮುಂದೆ ಬಂದು, ನೋಡಿ, ಇನ್ನೊಂದು ಕಡೆ ಹೊರಗೆ ಬಿದ್ದದ್ದು ಇಪ್ಪತ್ತು ಸೆಕೆಂಡಿನಲ್ಲಿ. ನಮ್ಮವರು ತಮ್ಮ ಎತ್ತರದ ಪ್ರಯೋಜನ ಪಡೆದು ಹಿಂದಿನಿಂದಲೇ ಅಳೆದರು. "ಒಂದು ಗೇಣೂ ಇಲ್ಲ ಕಣೇ!" ನಿಜವೇ. ಎತ್ತರ 18.7 ಸೆಂಟಿಮೀಟರ್. ಎಲ್ಲ ಜಾಹೀರಾತಿನಲ್ಲೂ ಆಳೆತ್ತರ ಕಾಣುವ ವಸ್ತು ಇದು.

ಪಕ್ಕದಲ್ಲಿ ಇನ್ನೊಂದು ಜನಪ್ರಿಯ ಕಲ್ಲು. ಪದರ ಪದರವಾಗಿ ಮೇಲೆ ಕಂದು, ಕೆಳಗೆ ಕೆನೆಬಣ್ಣ, ಎಣ್ಣೆ ಜಿನುಗಿದಂಥ ಹೊಳಪು. ನಮ್ಮವರು "ಬೆಲ್ಲದ ಹಾಲುಬಾಯಿ ಇದ್ದಂಗಿದೆ" ಎಂದು ಬಾಗಿ ನೋಡಿದರು. ಬೋರ್ಡು ಓದಿದರೆ ಅದು ಬೇಯಿಸಿದ ಹಂದಿಮಾಂಸದ ತುಂಡಿನಂತೆ ಕೆತ್ತಿದ ಕಲ್ಲು, ಚರ್ಮದ ರಂಧ್ರಗಳ ಸಮೇತ. ಎರಡು ಹೆಜ್ಜೆ ಹಿಂದೆ ಸರಿದರು. ಈ ಕೋಸು, ಈ ಮಾಂಸ, ಇನ್ನೊಂದು ಕಂಚಿನ ಪಾತ್ರೆ, ಮೂರೂ ಸೇರಿದರೆ ಒಂದು ಹೊತ್ತಿನ ಸಾರಾಯಿತು ಎಂದು ತೈಪೆಯವರೇ ತಮಾಷೆ ಮಾಡುತ್ತಾರಂತೆ. ಆ ಪಾತ್ರೆ ನೋಡುವಷ್ಟರಲ್ಲಿ ಬಾವುಟ ಮೇಲೆದ್ದಿತು. ನನ್ನ ಗುಡ್ಡದ ಚಿತ್ರ ಎಲ್ಲಿದೆ ಎಂದು ಕೇಳಲೂ ಹೊತ್ತಿರಲಿಲ್ಲ.

ಮಾರನೇ ದಿನ ರೊಚ್ಚಿನಿಂದ ನಾವೇ ಹೊರಟೆವು. ಸೋಮವಾರ. ಮ್ಯೂಸಿಯಂ ಸೋಮವಾರ ರಜೆ. ಅಷ್ಟು ದೂರ ಹೋಗಿ ಮೆಟ್ಟಿಲ ಕೆಳಗಿನ ಬಿಳಿ ಕಮಾನಿನ ಫೋಟೋ ತೆಗೆದುಕೊಂಡು ವಾಪಸ್ ಬಂದೆವು. ಇದು ಯಾರ ತಪ್ಪೂ ಅಲ್ಲ, ನಮ್ಮದೇ. ನೀವು ಮಾಡಬೇಡಿ.

ಆದರೆ ಆ ಸೋಮವಾರದಿಂದಾಗಿಯೇ ನಮಗೆ ಊಟ ಸಿಕ್ಕಿತು. ಅಲ್ಲಿಯವರೆಗೆ ಮನೆಯಿಂದ ತಂದ ಚಟ್ನಿಪುಡಿ, ಅವಲಕ್ಕಿಯಲ್ಲೇ ದಿನ ದೂಡುತ್ತಿದ್ದೆವು. ಶಿಲಿನ್ ಮೆಟ್ರೋ ನಿಲ್ದಾಣದ ಹಿಂದಿನ ಒಂದು ಗಲ್ಲಿಯಲ್ಲಿ ಹಸಿದು ಅಲೆಯುವಾಗ ಅಂಗಡಿಯೊಂದರ ಬೋರ್ಡಿನ ಮೇಲೆ ಸ್ವಸ್ತಿಕದ ಗುರುತು ಕಂಡಿತು. ನಮ್ಮದಕ್ಕೆ ತಿರುಗುಮುರುಗು, ಆದರೂ ಸ್ವಸ್ತಿಕವೇ. ತೈವಾನಿನಲ್ಲಿ ಆ ಗುರುತಿದ್ದರೆ ಸಾಮಾನ್ಯವಾಗಿ ಬೌದ್ಧರ ಸಸ್ಯಾಹಾರಿ ಹೋಟೆಲು. ಇನ್ನೊಂದು ಗುರುತು ಅವರ ಅಕ್ಷರ. ಮೇಲೆ ಮೂರು ಅಡ್ಡಗೆರೆ, ಅವನ್ನು ಸೀಳುವ ಒಂದು ಉದ್ದಗೆರೆ, ಕೆಳಗೆ ನೂಲು ಬಿಚ್ಚಿ ಇಳಿಬಿಟ್ಟ ಹಾಗೆ. ಅದನ್ನು "ಸೂ" ಎನ್ನುತ್ತಾರೆ. ಮಗನಿಂದ ಆ ಅಕ್ಷರ ಕಾಗದದ ಮೇಲೆ ಬರೆಸಿಕೊಂಡು ಪರ್ಸಿನಲ್ಲಿಟ್ಟುಕೊಂಡಿದ್ದೆ. ಇಂಗ್ಲಿಷಿನಲ್ಲಿ ವೆಜಿಟೇರಿಯನ್ ಎಂದು ಹತ್ತು ಸಲ ಹೇಳುವುದಕ್ಕಿಂತ ಆ ಒಂದು ಚೀಟಿ ಮೇಲು.

ಒಳಗೆ ನಾಲ್ಕೇ ಮೇಜು. ಗೋಡೆಯುದ್ದಕ್ಕೂ ಸ್ಟೀಲ್ ಟ್ರೇಗಳು, ಎಣಿಸಿದೆ, ಇಪ್ಪತ್ತೆಂಟು ಬಗೆ. ತಟ್ಟೆ ತೆಗೆದುಕೊಂಡು ಬೇಕಾದ್ದು ಬಡಿಸಿಕೊಳ್ಳುವುದು, ಕೊನೆಯಲ್ಲಿ ಕೂತ ಅಜ್ಜಿ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ತೂಕದ ಮೇಲೆ ದುಡ್ಡು ಹೇಳುತ್ತಾಳೆ. ಶುಂಠಿ ಹಾಕಿ ಬಾಡಿಸಿದ ಗೆಣಸಿನ ಸೊಪ್ಪು, ಹಾಗಲಕಾಯಿ, ಸಿಹಿಗುಂಬಳ, ಬದನೆ, ಹಾಲಿನ ಕೆನೆಯಂತೆ ಮಡಿಸಿದ ಸೋಯಾ ಪದರ, ನಾಲ್ಕು ಥರದ ಅಣಬೆ. ಒಂದು ಟ್ರೇಯಲ್ಲಿ ಕಳಲೆ! ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯ ತವರಿನಲ್ಲಿ ತಿಂದ ಕಳಲೆ, ಇಲ್ಲಿ ಚೂರು ಸಿಹಿಯಾಗಿ. ಈರುಳ್ಳಿ ಬೆಳ್ಳುಳ್ಳಿ ಯಾವುದರಲ್ಲೂ ಇಲ್ಲ, ಅಲ್ಲಿನ ಕಟ್ಟಾ ಬೌದ್ಧರಿಗೆ ಅವೂ ವರ್ಜ್ಯ. ನಮ್ಮ ಅತ್ತೆಯವರು ಇದ್ದಿದ್ದರೆ ಈ ಅಂಗಡಿಯೊಂದಕ್ಕೆ ಹಸಿರು ನಿಶಾನೆ ತೋರಿಸುತ್ತಿದ್ದರು. ಒಂದು ಟ್ರೇಯಲ್ಲಿ ಮಾತ್ರ ಇಡೀ ಮೀನು ಮಲಗಿತ್ತು, ಕಪ್ಪು ಸಿಪ್ಪೆಯ ಸಮೇತ. ನಮ್ಮವರು ತಟ್ಟೆ ಕೆಳಗಿಟ್ಟೇಬಿಟ್ಟರು. ಅಜ್ಜಿಗೆ ಅರ್ಥವಾಯಿತು. ಚಮಚದಲ್ಲಿ ಅದನ್ನು ಎರಡಾಗಿ ಮುರಿದು ತೋರಿಸಿದಳು. ಒಳಗೆ ಬಿಳೀ ಸೋಯಾ, ಹೊರಗಿನ ಸಿಪ್ಪೆ ಕಡಲಪಾಚಿಯ ಹಾಳೆ. ಅಲ್ಲಿ ಹೀಗೆ ಸಸ್ಯದಲ್ಲೇ ಮೀನು, ಕೋಳಿಯ ವೇಷ ಕಟ್ಟುವುದು ರೂಢಿ. ಗಾಬರಿಯಾಗಬೇಡಿ. ಮೊಟ್ಟೆ ಕೆಲವು ಕಡೆ ಇರುತ್ತದೆ, ಅದನ್ನು ಕೇಳಿಕೊಳ್ಳಿ.

ಇಬ್ಬರದೂ ಸೇರಿ 215 ಡಾಲರ್. ಅನ್ನ ಬೇರೆ ಲೆಕ್ಕ, ಹತ್ತು ಡಾಲರ್. ಮೂಲೆಯ ದೊಡ್ಡ ಹಂಡೆಯಲ್ಲಿ ಮೂಲಂಗಿಯ ತಿಳಿಸಾರು ಪುಕ್ಕಟೆ, ಎಷ್ಟು ಸಲ ಬೇಕಾದರೂ. ನಾನು ಬೇಳೆಯಿಲ್ಲದ ಸಾರನ್ನು ಸಾರೆಂದು ಒಪ್ಪುವವಳಲ್ಲ, ಆದರೂ ಎರಡು ಬಟ್ಟಲು ಕುಡಿದೆ. "ನೇಯೋಂಗ್" ಎಂದರೆ ಇಲ್ಲೇ ತಿನ್ನುತ್ತೇವೆ, "ವೈದಾಯ್" ಎಂದರೆ ಕಟ್ಟಿಕೊಡಿ. ಈ ಎರಡು ಪದ ಕಲಿತರೆ ಸಾಕು. ಮಧ್ಯಾಹ್ನ ಒಂದೂವರೆಯ ಮೇಲೆ ಟ್ರೇಗಳು ಖಾಲಿಯಾಗತೊಡಗುತ್ತವೆ, ಬೇಗ ಹೋಗಿ. ನಾಲ್ಕು ದಿನದಲ್ಲಿ ಐದು ಸಲ ಅಲ್ಲೇ ಉಂಡೆವು. ಮೂರನೇ ಸಲ ಅಜ್ಜಿ ನಮ್ಮವರ ತಟ್ಟೆಗೆ ತೂಗಿದ ಮೇಲೆ ಇನ್ನೊಂದು ಸೌಟು ಕಳಲೆ ಹಾಕಿದಳು. ಊರಿಗೆ ಬಂದ ಮೇಲೂ ಆ ಮಾತು ಮುಗಿದಿಲ್ಲ.

ಮಂಗಳವಾರ. ಈಗ ನಿಜವಾದ ಭೇಟಿ.

ಮೆಟ್ರೋದ ಕೆಂಪು ಮಾರ್ಗದಲ್ಲಿ ಶಿಲಿನ್ ಎಂಬಲ್ಲಿ ಇಳಿಯಿರಿ. ಅಲ್ಲಿಂದ ಮ್ಯೂಸಿಯಂ ಕಡೆ ಹಲವು ಬಸ್ಸಿವೆ, ಆದರೆ ನಿಮ್ಮ ಜೊತೆ ಮೊಣಕಾಲು ನೋವಿನವರಿದ್ದರೆ ಕೆಂಪು 30 ಎಂಬ ಬಸ್ಸನ್ನೇ ಕಾಯಿರಿ. ಉಳಿದ ಬಸ್ಸುಗಳು ಕೆಳಗೆ ರಸ್ತೆಯಲ್ಲಿ ಇಳಿಸುತ್ತವೆ, ಅಲ್ಲಿಂದ ಕಮಾನು ದಾಟಿ ಮೆಟ್ಟಿಲ ಮೇಲೆ ಮೆಟ್ಟಿಲು. ಕೆಂಪು 30 ಮಾತ್ರ ಕಟ್ಟಡದ ಬಾಗಿಲಿಗೇ ಹೋಗುತ್ತದೆ. ಸೋಮವಾರ ಆ ಮೆಟ್ಟಿಲು ಹತ್ತಿಳಿದು ಕಲಿತ ಪಾಠ ಇದು. ಈಜಿಕಾರ್ಡ್ ಎಂಬ ಕಾರ್ಡಿದ್ದರೆ ಮೆಟ್ರೋಗೂ ಬಸ್ಸಿಗೂ ಅದೇ ಸಾಕು. ಮೆಟ್ರೋದೊಳಗೆ ಏನನ್ನೂ ತಿನ್ನಬೇಡಿ, ನೀರನ್ನೂ ಕುಡಿಯಬೇಡಿ, ದಂಡ ಹಾಕುತ್ತಾರೆ. ನಮ್ಮವರು ಮಾತ್ರೆ ನುಂಗಲು ಬಾಟಲಿ ತೆಗೆದಾಗ ಎದುರಿನ ಹುಡುಗಿ ಕೈ ಅಲ್ಲಾಡಿಸಿ ತಡೆದಳು.

ಬಾಗಿಲು ತೆಗೆಯುವುದು ಒಂಬತ್ತಕ್ಕೆ, ಮುಚ್ಚುವುದು ಐದಕ್ಕೆ. ವಿದೇಶಿಯರಿಗೆ ಟಿಕೆಟ್ 350 ಡಾಲರ್. ಟೂರಿಗೆ ಸುರಿದ ದುಡ್ಡಿನಲ್ಲಿ ಮೂರು ಸಲ ನೋಡಬಹುದಿತ್ತು. ಕೋಸು ನೋಡಲೇಬೇಕೆಂದಿದ್ದರೆ ಒಂಬತ್ತಕ್ಕೆ ಸರಿಯಾಗಿ ಮೂರನೇ ಮಹಡಿಗೆ ಹೋಗಿ ಮುಗಿಸಿಬಿಡಿ. ಹತ್ತರ ಮೇಲೆ ಬಾವುಟಗಳು ಬರಲು ಶುರು. ನಾವು ಹೋದಾಗ ಆ ಕೋಣೆಯಲ್ಲಿ ಆರು ಜನ. ಕೋಸಿನ ದಂಟಿನಲ್ಲಿ ಬಿರುಕುಗಳಿವೆ, ಕಲ್ಲಿನದೇ ದೋಷ, ಕೆತ್ತಿದವನು ಅವನ್ನು ಎಲೆಯ ನರಗಳ ನಡುವೆ ಅಡಗಿಸಿದ್ದಾನೆ ಎಂಬುದು ಆಗ ಕಂಡಿತು. ಚೀನಾವನ್ನು ಕೊನೆಯದಾಗಿ ಆಳಿದ ಚಿಂಗ್ ಮನೆತನದ ಗುವಾಂಗ್‌ಷು ಚಕ್ರವರ್ತಿಯ ಕಿರಿಯ ರಾಣಿಯೊಬ್ಬಳಿದ್ದ ಅರಮನೆಯಲ್ಲಿತ್ತಂತೆ. ಅವಳ ಬಳುವಳಿಯಿರಬೇಕು, ಮಿಡತೆ ಸಂತಾನದ ಹಾರೈಕೆಯಿರಬೇಕು ಎಂದು ಊಹೆ. ಒಂದು ಎಚ್ಚರಿಕೆ: ಈ ಕೋಸೂ ಆ ಮಾಂಸದ ಕಲ್ಲೂ ಊರೂರು ತಿರುಗುತ್ತವೆ. ಕೋಸು 2014ರಲ್ಲಿ ಟೋಕಿಯೋಗೆ ಹೋಗಿತ್ತು, ಮಾಂಸ 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ. ಚಿಯಾಯಿ ಎಂಬ ಊರಿನಲ್ಲಿ 2015ರಲ್ಲಿ ತೆರೆದ ದಕ್ಷಿಣ ಶಾಖೆಗೂ ಹೋಗಿಬರುತ್ತವೆ. ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಯಾವುದು ಎಲ್ಲಿದೆ ಎಂದು ಹಾಕುತ್ತಾರೆ, ಹೊರಡುವ ಮೊದಲು ನೋಡಿಕೊಳ್ಳಿ. ನಾನು ನೋಡಿರಲಿಲ್ಲ, ಅದರ ಫಲ ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ನಮ್ಮವರಿಗೆ ಒಂದು ಪ್ರಶ್ನೆ. "ಅರಮನೆ ಮ್ಯೂಸಿಯಂ ಅಂತಾರೆ, ಅರಮನೆ ಎಲ್ಲಿ?" ಅರಮನೆ ಬೀಜಿಂಗಿನಲ್ಲಿದೆ, ಸಾಮಾನು ಇಲ್ಲಿದೆ. ಚಕ್ರವರ್ತಿಯನ್ನು ಕಳಿಸಿದ ಮೇಲೆ 1925ರಲ್ಲಿ ಬೀಜಿಂಗಿನ ಅರಮನೆಯನ್ನೇ ಮ್ಯೂಸಿಯಂ ಮಾಡಿದರು. ಜಪಾನಿನ ಸೈನ್ಯ ಹತ್ತಿರವಾಗುತ್ತಿದ್ದಂತೆ 1933ರಲ್ಲಿ ಒಳ್ಳೊಳ್ಳೆಯದನ್ನೆಲ್ಲ 13,427 ಪೆಟ್ಟಿಗೆಗಳಲ್ಲಿ ತುಂಬಿ ದಕ್ಷಿಣಕ್ಕೆ ಸಾಗಿಸಿದರು. ಶಾಂಘೈ, ನಾಂಜಿಂಗ್, ಆಮೇಲೆ ಯುದ್ಧದುದ್ದಕ್ಕೂ ರೈಲು, ಲಾರಿ, ದೋಣಿಗಳಲ್ಲಿ ಪಶ್ಚಿಮದ ಗುಡ್ಡಗಾಡಿಗೆ. ಕೊನೆಗೆ ಅಂತರ್ಯುದ್ಧದಲ್ಲಿ ಸೋಲುತ್ತಿದ್ದ ಸರ್ಕಾರ 1948ರ ಕೊನೆಯಿಂದ 1949ರ ಆರಂಭದೊಳಗೆ ಮೂರು ಹಡಗುಗಳಲ್ಲಿ ಅದರಲ್ಲಿ 2,972 ಪೆಟ್ಟಿಗೆಗಳನ್ನು ತೈವಾನಿಗೆ ತಂದಿತು. ಈ ಕಟ್ಟಡ ತೆರೆದದ್ದು 1965ರಲ್ಲಿ. ನಮ್ಮವರು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿ, "ನೂರಕ್ಕೆ ಇಪ್ಪತ್ತೆರಡು" ಅಂದರು. ಉಳಿದ ಪೆಟ್ಟಿಗೆಗಳು ಆ ಕಡೆಯೇ ಉಳಿದವು. ಆಸ್ತಿ ಪಾಲಾಗುವುದನ್ನು ಜೀವಮಾನವಿಡೀ ಅಳೆದವರಿಗೆ ಇದು ಬಹಳ ಹಿಡಿಸಿತು. ಬೆಳಿಗ್ಗೆಯೆಲ್ಲ ಅದನ್ನೇ ಮಾತಾಡಿದರು.

ಅದೇ ಮಹಡಿಯಲ್ಲಿ ಕಂಚಿನ ಪಾತ್ರೆಗಳ ಸಾಲಿದೆ. ಅಲ್ಲಿ ಬಾವುಟಗಳು ನಿಲ್ಲುವುದೇ ಕಡಿಮೆ. ಸಾರಿನ ತಮಾಷೆಯ ಮೂರನೇ ಭಾಗ, ಆ ಪಾತ್ರೆ, ಇಲ್ಲಿದೆ: ಮಾವೋ ಗೊಂಗ್ ದಿಂಗ್. ಮೂರು ಕಾಲಿನ, ಎರಡು ಕಿವಿಯ ಹಂಡೆ. ಮದುವೆಮನೆಯಲ್ಲಿ ಪಾಯಸಕ್ಕೆ ಇಡುವ ಪಾತ್ರೆಯ ಗಾತ್ರ, ಅರ್ಧ ಮೀಟರಿಗಿಂತ ಸ್ವಲ್ಪ ಎತ್ತರ. ಜೋವ್ ಅರಸರ ಕಾಲದ್ದು, ಈಗಿನಿಂದ ಸುಮಾರು 2,800 ವರ್ಷದ ಹಿಂದಿನದು. ನಾನು ಸುಮ್ಮನೆ ಮುಂದೆ ಹೋಗುವವಳಿದ್ದೆ. ಒಳಗೆ ಇಣುಕಿದಾಗ ನಿಂತೆ. ಹೊಟ್ಟೆಯ ಒಳಗೋಡೆಯ ತುಂಬ ಅಕ್ಷರ. ಐನೂರರ ಹತ್ತಿರ. ಚೀನಾದ ಹಳೆಯ ಕಂಚಿನ ಪಾತ್ರೆಗಳ ಮೇಲೆ ಸಿಕ್ಕಿರುವ ಅತಿ ಉದ್ದದ ಬರಹ ಅದು. ರಾಜನೊಬ್ಬ ಮಾವೋದ ಪ್ರಭುವನ್ನು ಕರೆದು, ಕಾಲ ಕೆಟ್ಟಿದೆ, ರಾಜ್ಯ ನೋಡಿಕೋ ಎಂದು ಹೇಳಿ, ಅಧಿಕಾರ ಕೊಟ್ಟು, ರಥ, ಕುದುರೆ, ಉಡುಪು ಏನೇನು ಕೊಟ್ಟೆ ಎಂದು ಪಟ್ಟಿ ಮಾಡುತ್ತಾನೆ. ಕೊನೆಯ ಸಾಲು: ಮಕ್ಕಳು ಮಕ್ಕಳು, ಮೊಮ್ಮಕ್ಕಳು ಮೊಮ್ಮಕ್ಕಳು ಇದನ್ನು ಎಂದೆಂದಿಗೂ ಜೋಪಾನವಾಗಿ ಬಳಸಲಿ.

ಬಳ್ಳಿಗಾವೆಯ ಗುಡಿಯಂಗಳದಲ್ಲಿ ಶಾಸನದ ಕಲ್ಲುಗಳ ನಡುವೆ ಓಡಾಡಿದವಳಿಗೆ ಈ ಧಾಟಿ ಹೊಸದಲ್ಲ. ಯಾರು ಯಾರಿಗೆ ಏನು ಕೊಟ್ಟರು, ಆಮೇಲೆ ಆಚಂದ್ರಾರ್ಕ ನಡೆಯಲಿ, ಮೇಲೆ ಸೂರ್ಯಚಂದ್ರರ ಕೆತ್ತನೆ. ನಮ್ಮಲ್ಲಿ ದಾನವನ್ನು ಕೆಡಿಸಿದವರಿಗೆ ಶಾಪವೂ ಸೇರುತ್ತದೆ, ಇಲ್ಲಿ ಅದು ಕಾಣಲಿಲ್ಲ. ಒಂದು ಸಣ್ಣ ವಿಷಯ ತೋರಿಸುತ್ತೇನೆ, ನೀವು ಹೋದಾಗ ಹುಡುಕಿ. ಮಗು ಎಂಬ ಅಕ್ಷರದ ಕೆಳಗೆ ಎರಡು ಪುಟ್ಟ ಗೀರು, ಮೊಮ್ಮಗು ಎಂಬುದರ ಕೆಳಗೂ ಎರಡು. "ಇದನ್ನು ಎರಡು ಸಲ ಓದು" ಎಂದು ಅದರರ್ಥ. ನಾವು ಲೆಕ್ಕದ ಪುಸ್ತಕದಲ್ಲಿ ಮೇಲಿನ ಸಾಲಿನದೇ ಮಾತು ಬಂದರೆ ಕೆಳಗೆ ಎರಡು ಗೀರು ಎಳೆಯುವುದಿಲ್ಲವೇ, ಅದೇ. ಮೂವತ್ತಾರು ವರ್ಷ ಬ್ಯಾಂಕಿನ ಲೆಡ್ಜರಿನಲ್ಲಿ ಆ ಗೀರು ಎಳೆದ ನನಗೆ ನಗು ಬಂತು. ಅಲ್ಲಿದ್ದ ಕಾವಲಿನವನು ನನ್ನತ್ತ ನೋಡಿದ.

ಜೇಡ್ ಕಲ್ಲಿನ ವಿಭಾಗದಲ್ಲಿ ಹೂವಿನ ಎಸಳಿನಷ್ಟು ತೆಳುವಾದ ಬಟ್ಟಲೊಂದಿತ್ತು. ಬೋರ್ಡಿನ ಮೇಲೆ ಮೊಗಲರ ಹೆಸರು! ಚಿಂಗ್ ಚಕ್ರವರ್ತಿ ಚಿಯೆನ್‌ಲುಂಗ್‌ಗೆ ನಮ್ಮ ಕಡೆಯ ಜೇಡ್ ಕೆಲಸದ ಹುಚ್ಚಿತ್ತಂತೆ. ಅವನ್ನು ಹಿಂದೂಸ್ತಾನದ ಜೇಡ್ ಎಂದೇ ಕರೆದು, ಹಿಂದೂಸ್ತಾನ ಎಲ್ಲಿದೆ ಎಂದು ವಿಚಾರಿಸಿ ಪ್ರಬಂಧ ಬರೆದು, ಸಾಲದ್ದಕ್ಕೆ ತನ್ನ ಪದ್ಯಗಳನ್ನು ಬಟ್ಟಲುಗಳ ಮೇಲೇ ಕೆತ್ತಿಸಿದ. ಈ ಚಕ್ರವರ್ತಿಯ ಕೈಗೆ ಸಿಕ್ಕಿದ್ದು ಒಂದೂ ಹಾಗೇ ಉಳಿದಿಲ್ಲ. ಚಿತ್ರಗಳ ಮೇಲೆ ಖಾಲಿ ಜಾಗ ಕಂಡಲ್ಲೆಲ್ಲ ಮುದ್ರೆ ಒತ್ತಿದ್ದಾನೆ. ಎರಡನೇ ಮಹಡಿಯ ಪಿಂಗಾಣಿಯಲ್ಲಿ ರೂ ಎಂಬ ಕುಂಬಾರಿಕೆಯ ಗೂಡಿನಲ್ಲಿ ಸುಟ್ಟ, ಮಳೆ ನಿಂತ ಮೇಲಿನ ಆಕಾಶದ ಬಣ್ಣದ ಒಂದು ಅಗಲ ಬಟ್ಟಲಿದೆ. ಒಂಬೈನೂರು ವರ್ಷ ಹಳೆಯದು, ಮೈಮೇಲೆ ಒಂದು ಸೀಳೂ ಇಲ್ಲ. ಆ ಗೂಡಿನ ಪಾತ್ರೆ ಜಗತ್ತಿನಲ್ಲಿ ಉಳಿದಿರುವುದೇ ನೂರಕ್ಕೂ ಕಡಿಮೆ. ಚಿಯೆನ್‌ಲುಂಗ್ ಇದರ ತಳದಲ್ಲೂ ಪದ್ಯ ಕೆತ್ತಿಸಿದ. ಇದನ್ನು ನಾಯಿಗೆ ಅನ್ನ ಹಾಕುವ ಬಟ್ಟಲು ಎಂದು ಜನ ತಪ್ಪಾಗಿ ಹೇಳುತ್ತಾರೆ ಎಂಬ ಮಾತು ಆ ಪದ್ಯದಲ್ಲಿದೆಯಂತೆ. ಈ ಬಟ್ಟಲ ಮುಂದೆ ನಾನು ಹದಿನೈದು ನಿಮಿಷ ಒಬ್ಬಳೇ ನಿಂತಿದ್ದೆ. ಯಾರೂ ತಳ್ಳಲಿಲ್ಲ.

ಇನ್ನು ನನ್ನ ಗುಡ್ಡ. ಚಿತ್ರಗಳ ಕೋಣೆಗಳು ಕತ್ತಲೆ, ತಣ್ಣಗೆ, ಶಾಲು ಒಯ್ಯಿರಿ. ಮೂರು ಕೋಣೆ ಸುತ್ತಿದೆ, ಸಿಗಲಿಲ್ಲ. ಕ್ಯಾಲೆಂಡರಿನ ಹಾಳೆಯ ಫೋಟೋ ಮೊಬೈಲಿನಲ್ಲಿತ್ತು, ಅಲ್ಲಿದ್ದ ವಯಸ್ಸಾದ ಸ್ವಯಂಸೇವಕಿಗೆ ತೋರಿಸಿದೆ. ಆಕೆ ಎರಡೂ ಕೈ ಕೆನ್ನೆಯ ಕೆಳಗೆ ಜೋಡಿಸಿ ತಲೆ ವಾಲಿಸಿದರು. ಮಲಗಿದೆ ಅಂತ. ಆಮೇಲೆ ನಿಧಾನ ಇಂಗ್ಲಿಷಿನಲ್ಲಿ ವಿವರಿಸಿದರು. ಹಳೆಯ ರೇಷ್ಮೆಗೆ ಬೆಳಕು ಆಗದು. ಇಂಥ ಚಿತ್ರಗಳನ್ನು ಒಮ್ಮೆ ಆರೇಳು ವಾರ ಹೊರಗಿಟ್ಟರೆ ಮತ್ತೆ ವರ್ಷಗಟ್ಟಲೆ ಕತ್ತಲ ಕೋಣೆಯಲ್ಲಿ ವಿಶ್ರಾಂತಿ. ಇದೂ, ಗುವೋ ಶಿ 1072ರಲ್ಲಿ ಬರೆದ "ವಸಂತದ ಮೊದಲು", ಲಿ ತಾಂಗ್ 1124ರಲ್ಲಿ ಬರೆದ ಪೈನ್ ಮರಗಳ ಕಣಿವೆ, ಮೂರೂ ಹಾಗೆಯೇ. ಮೂರರಲ್ಲಿ ಒಂದೂ ಅವತ್ತು ಗೋಡೆಯ ಮೇಲಿರಲಿಲ್ಲ. ಏಳು ಸಾಗರವಲ್ಲದಿದ್ದರೂ ಒಂದಂತೂ ದಾಟಿ ಬಂದಿದ್ದೆ. ಬಾಯಿ ಒಣಗಿತು, ನೀರು ಕುಡಿಯಲೂ ಒಳಗೆ ಬಿಡುವುದಿಲ್ಲ.

ನನ್ನ ಮುಖ ನೋಡಿ ಆಕೆ ಇನ್ನೊಂದು ವಿಷಯ ಹೇಳಿದರು. ಆ ಚಿತ್ರದಲ್ಲಿ ಬರೆದವನ ಸಹಿ ಇದೆಯೆಂದು ಸಾವಿರ ವರ್ಷದ ಹತ್ತಿರ ಯಾರಿಗೂ ತಿಳಿದಿರಲಿಲ್ಲವಂತೆ. 1958ರಲ್ಲಿ ಈ ಮ್ಯೂಸಿಯಂನ ಲಿ ಲಿನ್‌ತ್ಸಾನ್ ಎಂಬ ವಿದ್ವಾಂಸರ ಕಣ್ಣಿಗೆ ಬಿತ್ತು, ಎಲೆಗಳ ನಡುವೆ ಎರಡೇ ಅಕ್ಷರ. ನೆಲಮಾಳಿಗೆಯ ಅಂಗಡಿಯಲ್ಲಿ ದೊಡ್ಡ ಅಚ್ಚುಪ್ರತಿ ಸಿಗುತ್ತದೆ, ಹುಡುಕಿಕೊಳ್ಳಿ ಎಂದು ಕಳಿಸಿಕೊಟ್ಟರು.

ಕೆಳಗಿಳಿಯುವ ಮೊದಲು ಒಂದನೇ ಮಹಡಿಯಲ್ಲಿ (ಅಲ್ಲಿ ನೆಲಮಟ್ಟವೇ ಒಂದನೆಯದು) ಆಲಿವ್ ಬೀಜದಲ್ಲಿ ಕೆತ್ತಿದ ದೋಣಿ ಬಿಡಬೇಡಿ. ಉದ್ದ 3.4 ಸೆಂಟಿಮೀಟರ್. ಒಳಗೆ ಎಂಟು ಜನ, ತೆರೆದು ಮುಚ್ಚುವ ಕಿಟಕಿ, ತಳದಲ್ಲಿ ಮುನ್ನೂರಕ್ಕೂ ಹೆಚ್ಚು ಅಕ್ಷರದ ಒಂದು ಹಳೆಯ ಕಾವ್ಯ. ಚೆನ್ ಜುಚಾಂಗ್ ಎಂಬವನು 1737ರಲ್ಲಿ ಮಾಡಿದ್ದು. ನಮ್ಮವರು ಭೂತಗನ್ನಡಿಗೆ ಕಣ್ಣಿಟ್ಟು ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ ತಲೆಯೆತ್ತಿ, "ಇದಕ್ಕೂ ಕಿಟಕಿ ಇದೆ ನೋಡು" ಅಂದರು.

ಇನ್ನೊಂದೆರಡು ಮಾತು. ಒಳಗೆ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಬಹುದು. ದೊಡ್ಡ ಚೀಲ, ಕೊಡೆ ಲಾಕರಿನಲ್ಲಿಡಬೇಕು. ಒಂದೇ ದಿನ ಎಲ್ಲ ನೋಡುತ್ತೇನೆಂದು ಹೊರಡಬೇಡಿ. ಸಂಗ್ರಹದಲ್ಲಿರುವುದು ಏಳು ಲಕ್ಷದ ಹತ್ತಿರ, ಹೊರಗಿಡುವುದು ಅದರಲ್ಲಿ ಚೂರುಪಾರು. ಮಗ್ಗುಲಿನ ಜಿಶಾನ್ ಉದ್ಯಾನದಲ್ಲಿ ಕೊಳದ ಪಕ್ಕ ಕೂತು ಕಾಲು ಚಾಚಬಹುದು. ರಾತ್ರಿ ಸಂತೆಗೆ ಹೋಗುವವರಿಗೆ: ಶಿಲಿನ್ ರಾತ್ರಿ ಸಂತೆ ಎಂದು ಹೆಸರಿದ್ದರೂ ಅದಕ್ಕೆ ಹತ್ತಿರದ ನಿಲ್ದಾಣ ಶಿಲಿನ್ ಅಲ್ಲ, ಒಂದು ಸ್ಟೇಷನ್ ಹಿಂದಿನ ಜಿಯೆನ್‌ತಾನ್. ನಾವು ಗಲ್ಲಿಯ ಬಾಯಿಯವರೆಗೆ ಹೋದೆವು. ಜನ ನೋಡಿ ನಾನೂ, ಹುದುಗು ತೋಫುವಿನ ವಾಸನೆಗೆ ಅವರೂ ಅಲ್ಲಿಂದಲೇ ತಿರುಗಿದೆವು. ಆಮೇಲಿನ ಎರಡು ದಿನ ಮಗನ ಜೊತೆ ಏನೇನೋ ನೋಡಿದೆವು, ಅದು ಇಲ್ಲಿ ಬೇಡ.

ಅಚ್ಚುಪ್ರತಿ ಕೊಂಡೆ. ಅಸಲು ಎರಡು ಮೀಟರಿಗಿಂತ ಎತ್ತರ, ನನ್ನದು ಅದರ ಅರ್ಧ. ರೂಮಿಗೆ ಬಂದು ನಮ್ಮವರು ನೀಲಿ ಪರದೆಯನ್ನು ಎರಡೂ ಕಡೆಗೆ ಪೂರ್ತಿ ಸರಿಸಿ, ಖಾಲಿ ಗೋಡೆಗೆ ಟೇಪ್ ಹಚ್ಚಿ ಗುಡ್ಡವನ್ನು ಅಂಟಿಸಿದರು. ಒಬ್ಬರು ಮೊಬೈಲ್ ಟಾರ್ಚ್ ಹಿಡಿಯುವುದು, ಇನ್ನೊಬ್ಬರು ಕನ್ನಡಕ ಹಣೆಗೇರಿಸಿ ಹುಡುಕುವುದು. ಮುಕ್ಕಾಲು ಗಂಟೆಯಾಯಿತು. ನಿಮಗೆ ಅಷ್ಟು ತಾಳ್ಮೆ ಇಲ್ಲದಿದ್ದರೆ ಹೇಳಿಬಿಡುತ್ತೇನೆ: ಕೆಳಗೆ ಬಲಗಡೆ, ಹೇಸರಗತ್ತೆಗಳ ಹಿಂದೆ ಮರದ ಎಲೆಗಳಲ್ಲಿ ನೋಡಿ. ಚಿತ್ರವನ್ನು ರೂಮು ಬಿಡುವವರೆಗೂ ತೆಗೆಯಲಿಲ್ಲ. ಹೊರಡುವ ದಿನ ಕೌಂಟರಿನವನು ಗೋಡೆಗೆ ಟೇಪ್ ಅಂಟಿಸಿದ್ದಕ್ಕೆ ಏನೋ ಗೊಣಗಿದ. ಚೀನೀ ಭಾಷೆಯಲ್ಲಿ ನಮಗೆ ಬರುತ್ತಿದ್ದದ್ದು ಎರಡೇ ಪದ. ನಮ್ಮವರು "ವೈದಾಯ್" ಎಂದು ಹೇಳಿ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು.